ದತ್ತು ಮಕ್ಕಳು ಮತ್ತು ಪಾಲನಾ ಕೇಂದ್ರದ ಹದಿಹರೆಯದವರಿಗೆ ಮಾನಸಿಕ ಆಸರೆ: ಮನೆಯಿಂದ ಥೆರಪಿ ಕೊಠಡಿಯವರೆಗೆ

ವಾರಕ್ಕೆ 168 ಗಂಟೆ. ಅದರಲ್ಲಿ ಮಗು ಚಿಕಿತ್ಸಕರ ಎದುರು ಕೂರುವುದು ಹೆಚ್ಚೆಂದರೆ ಒಂದು ಗಂಟೆ. ಮಿಕ್ಕ 167 ಗಂಟೆ ಅದು ಉಣ್ಣುವುದು, ಮಲಗುವುದು, ಹಟ ಹಿಡಿಯುವುದು, ಶಾಲೆಗೆ ಹೊರಡುವುದು ಎಲ್ಲವೂ ಸಾಕುವವರ ಜೊತೆಗೇ. ಸಂಬಂಧ ಕಡಿದುಹೋದದ್ದರಿಂದ ಆದ ಗಾಯ ಮಾಯಬೇಕಾದದ್ದೂ ಸಂಬಂಧದೊಳಗೇ. ಅದಕ್ಕೇ ಈ ಬರಹ ಮೊದಲು ಮನೆಯ ದಿನಚರಿಯನ್ನು, ಆಮೇಲೆ ಥೆರಪಿಯನ್ನು ಎತ್ತಿಕೊಳ್ಳುತ್ತದೆ. ದತ್ತು ತಂದೆತಾಯಿ, ಪೋಷಕ ಕುಟುಂಬದವರು, ಪಾಲನಾ ಕೇಂದ್ರದ ಸಿಬ್ಬಂದಿ ಮೂವರಿಗೂ ಇದು ಅನ್ವಯಿಸುತ್ತದೆ.

ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಸುರಕ್ಷತೆ, ಆಮೇಲೆ ದೇಹ ಶಾಂತವಾಗುವುದು, ಆಮೇಲೆ ನಂಬಿಕೆ, ಕೊನೆಗೆ ಹಳೆಯ ನೋವಿನ ಮಾತು. ಈ ಕ್ರಮ ತಲೆಕೆಳಗಾದಾಗಲೇ ಬಹುತೇಕ ಪ್ರಯತ್ನಗಳು ಸೋಲುತ್ತವೆ. ಮನೆಗೆ ಬಂದು ತಿಂಗಳಾಗಿಲ್ಲ, ನಾಳೆಯೂ ಇಲ್ಲೇ ಇರುತ್ತೇನೋ ಇಲ್ಲವೋ ಎಂಬುದೇ ಗೊತ್ತಿಲ್ಲದ ಮಗುವನ್ನು ಕೂರಿಸಿಕೊಂಡು "ನಿನಗೆ ಹಿಂದೆ ಏನಾಯಿತು ಹೇಳು" ಎಂದರೆ ಅದು ಇನ್ನಷ್ಟು ಮುಚ್ಚಿಕೊಳ್ಳುತ್ತದೆ.

ಮಗುವಿನೊಳಗೆ ಏನಾಗಿರುತ್ತದೆ

ಹಸುಗೂಸಿಗೆ ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳಲು ಬರುವುದಿಲ್ಲ. ಅತ್ತಾಗ ಯಾರೋ ಎತ್ತಿಕೊಳ್ಳುತ್ತಾರೆ, ಎದೆಬಡಿತ ಇಳಿಯುತ್ತದೆ. ಸಾವಿರಾರು ಸಲ ಹೀಗಾದ ಮೇಲೆ ಆ ಶಕ್ತಿ ಮಗುವಿನೊಳಗೇ ಬೆಳೆಯುತ್ತದೆ. ಜಾನ್ ಬೌಲ್ಬಿ ಮತ್ತು ಮೇರಿ ಐನ್ಸ್‌ವರ್ತ್ ರೂಪಿಸಿದ ಅಟ್ಯಾಚ್‌ಮೆಂಟ್ (ಮಗು ಮತ್ತು ಸಾಕುವವರ ನಡುವಿನ ಬೆಸುಗೆ) ಸಿದ್ಧಾಂತದ ತಿರುಳು ಇದೇ. ಅತ್ತರೂ ಯಾರೂ ಬಾರದಿದ್ದರೆ, ಬಂದವರು ಹೊಡೆದರೆ, ಎತ್ತಿಕೊಳ್ಳುವ ಕೈಗಳು ಮೇಲಿಂದ ಮೇಲೆ ಬದಲಾದರೆ ಮಗು ಬೇರೆ ಪಾಠ ಕಲಿಯುತ್ತದೆ: ದೊಡ್ಡವರನ್ನು ನೆಚ್ಚಬಾರದು, ನನ್ನ ಜಾಗ್ರತೆಯಲ್ಲಿ ನಾನಿರಬೇಕು. ಹೊಸ ಮನೆಯಲ್ಲಿ ಹಟ, ಸುಳ್ಳು, ಕಳ್ಳತನ, ತಣ್ಣಗಿನ ಮೌನ ಎಂದು ಕಾಣುವುದು ಹಳೆಯ ಜಾಗದಲ್ಲಿ ಮಗುವನ್ನು ಉಳಿಸಿದ ಉಪಾಯ.

"ಎಳೆಗೂಸಾಗಿದ್ದಾಗಲೇ ಬಂದಿದೆ, ಅದಕ್ಕೆ ಏನೂ ನೆನಪಿರುವುದಿಲ್ಲ" ಎಂಬ ಮಾತನ್ನು ನಂಬಬೇಡಿ. ಮಾತಿನ ನೆನಪು ಇರಲಿಕ್ಕಿಲ್ಲ, ಆದರೆ ವಾಸನೆ, ದನಿ, ಹಸಿವು, ಕತ್ತಲೆಗೆ ದೇಹ ಪ್ರತಿಕ್ರಿಯಿಸುತ್ತಲೇ ಇರುತ್ತದೆ. ಹಾಗೆಂದು ಎಲ್ಲ ಮುಗಿದೇಹೋಯಿತು ಎಂದೂ ಅಲ್ಲ. ರೊಮೇನಿಯಾದ ಅನಾಥಾಲಯಗಳಿಂದ ಬ್ರಿಟನ್ನಿಗೆ ದತ್ತು ಹೋದ ಮಕ್ಕಳನ್ನು ಮನೋವೈದ್ಯ ಮೈಕೆಲ್ ರಟರ್ ಮತ್ತು ಸಂಗಡಿಗರು ಯೌವನದವರೆಗೂ ಗಮನಿಸಿದರು. 6 ತಿಂಗಳೊಳಗೆ ಹೊರಬಂದವರು ಹೆಚ್ಚುಕಡಿಮೆ ಉಳಿದ ದತ್ತು ಮಕ್ಕಳಂತೆಯೇ ಬೆಳೆದರು. ಅದಕ್ಕಿಂತ ಹೆಚ್ಚು ಕಾಲ ಅಲ್ಲಿದ್ದ ಅನೇಕರಲ್ಲಿ ತೊಂದರೆಗಳು ಉಳಿದವು, ಆದರೂ ಅವರಲ್ಲೇ ಸುಮಾರು ಐದರಲ್ಲೊಬ್ಬರಿಗೆ ಯಾವ ಹಂತದಲ್ಲೂ ಗಂಭೀರ ತೊಂದರೆ ಕಾಣಲಿಲ್ಲ. ಬೇಗ ಬಂದರೆ ಒಳ್ಳೆಯದು ನಿಜ, ತಡವಾಗಿ ಬಂದ ಮಗುವಿಗೂ ದಾರಿ ಇದೆ.

ಮೊದಲ ಹೆಜ್ಜೆ: ಮಾಹಿತಿ, ವೈದ್ಯಕೀಯ ತಪಾಸಣೆ, ಎರಡು ವಾರದ ಟಿಪ್ಪಣಿ

ಒಂದು ದೊಡ್ಡ ಹಾಳೆಯ ಮೇಲೆ ಉದ್ದಗೆರೆ ಎಳೆದು ಹುಟ್ಟಿನಿಂದ ಇವತ್ತಿನವರೆಗಿನ ಕಾಲವನ್ನು ಗುರುತಿಸಿ. ಎಲ್ಲಿದ್ದ, ಯಾರ ಜೊತೆ, ಎಷ್ಟು ತಿಂಗಳು, ಯಾವ ಭಾಷೆ, ಯಾಕೆ ಜಾಗ ಬದಲಾಯಿತು, ಒಡಹುಟ್ಟಿದವರು ಎಲ್ಲಿದ್ದಾರೆ ಎಲ್ಲ ಬರೆಯಿರಿ. ಗೊತ್ತಿಲ್ಲದ ಕಡೆ ಖಾಲಿ ಬಿಡಿ. ಸಾಕಿದ ಕೈಗಳು ಎಷ್ಟು ಬದಲಾದವು ಎಂದು ಎಣಿಸಿ. ಕಡತದ ನೂರು ಪುಟ ಹೇಳದ್ದನ್ನು ಈ ಒಂದು ಎಣಿಕೆ ಹೇಳುತ್ತದೆ.

ಜೊತೆಜೊತೆಗೇ ಕಿವಿ, ಕಣ್ಣು, ಹಲ್ಲು, ರಕ್ತಹೀನತೆ, ಜಂತುಹುಳು, ನಿದ್ದೆಯಲ್ಲಿ ಉಸಿರಾಟದ ತೊಂದರೆ ಇವನ್ನು ಪರೀಕ್ಷಿಸಿ. ಕಿವಿ ಮಂದವಿರುವ ಮಗುವನ್ನು "ಮಾತು ಕೇಳುವುದಿಲ್ಲ" ಎಂದು ವರ್ಷಗಟ್ಟಲೆ ಬೈದಿರುತ್ತಾರೆ. ಆಗಾಗ ಕೆಲವು ಸೆಕೆಂಡು ಕಣ್ಣು ನೆಟ್ಟು ಕಳೆದುಹೋಗುವುದು ಭಯದಿಂದ ಮನಸ್ಸು ದೂರ ಸರಿದದ್ದೂ ಆಗಬಹುದು, ಒಂದು ಬಗೆಯ ಮೂರ್ಛೆರೋಗವೂ ಆಗಬಹುದು. ನರವೈದ್ಯರೇ ಬೇರ್ಪಡಿಸಬೇಕು. ಬಸುರಿನಲ್ಲಿ ತಾಯಿ ಮದ್ಯ ಸೇವಿಸಿದ್ದ ಸುಳಿವಿದ್ದರೆ ತಜ್ಞರಿಗೆ ಮುಚ್ಚಿಡದೆ ಹೇಳಿ. ಅಂಥ ಮಿದುಳಿಗೆ ಕಾರಣ ಮತ್ತು ಪರಿಣಾಮವನ್ನು ಜೋಡಿಸುವುದೇ ಕಷ್ಟ, ಶಿಕ್ಷೆಯಿಂದ ಅದು ಕಲಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಸೂಚನೆ, ಚಿತ್ರ, ದಿನವೂ ಅದೇ ಕ್ರಮ ಬೇಕು. ಎಡಿಎಚ್‌ಡಿ (ಗಮನದ ಕೊರತೆ, ಅತಿಚಟುವಟಿಕೆಯ ತೊಂದರೆ) ಎಂದು ಹೆಸರಿಡುವ ಮೊದಲೂ ಕೇಳಿಕೊಳ್ಳಿ: ಗಮನ ಚದುರುತ್ತಿದೆಯೋ, ಅಥವಾ ಬಾಗಿಲು, ಹೆಜ್ಜೆ ಸದ್ದು, ದೊಡ್ಡವರ ಮುಖದ ಮೇಲೆ ಸದಾ ಕಾವಲು ಕಾಯುತ್ತಿದೆಯೋ? ಎರಡೂ ಒಟ್ಟಿಗೆ ಇರಲೂಬಹುದು.

ಆಮೇಲೆ ಎರಡು ವಾರ ಟಿಪ್ಪಣಿ ಇಡಿ. ಸಿಟ್ಟು ಅಥವಾ ಕುಸಿತ ಬಂದಾಗಲೆಲ್ಲ ಐದೇ ವಿಷಯ: ಹೊತ್ತು, ಅದಕ್ಕೆ ಅರ್ಧ ಗಂಟೆ ಮುಂಚೆ ಏನಾಗಿತ್ತು, ಯಾರಿದ್ದರು, ಎಷ್ಟು ನಿಮಿಷ ನಡೆಯಿತು, ಯಾವುದರಿಂದ ಇಳಿಯಿತು. ಹಸಿವು, ಶಾಲೆಯಿಂದ ಬಂದ ಮೊದಲ ಅರ್ಧ ಗಂಟೆ, ಸ್ನಾನ, ಕತ್ತಲಾಗುವ ಹೊತ್ತು, ಯಾರಾದರೂ ಹೊರಗೆ ಹೊರಡುವ ಗಳಿಗೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಮಗುವಿನ ಬಲ ಮತ್ತು ತೊಂದರೆಗಳನ್ನು ಅಳೆಯುವ, 25 ಪ್ರಶ್ನೆಗಳ ಎಸ್‌ಡಿಕ್ಯೂ ಪ್ರಶ್ನಾವಳಿಯನ್ನೂ ಈಗಲೇ ತುಂಬಿಸಿಡಿ, ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಮೊದಲ ತಿಂಗಳುಗಳು

ಮಗು ಬಂದ ಸಂತೋಷಕ್ಕೆ ನೆಂಟರನ್ನೆಲ್ಲ ಕರೆಯಬೇಕೆನಿಸುತ್ತದೆ. ಬೇಡ. ಮೊದಲ ಮೂರರಿಂದ ಆರು ತಿಂಗಳು ಮಗುವಿನ ಜಗತ್ತು ಚಿಕ್ಕದಾಗಿರಲಿ. ಉಣಿಸುವುದು, ಸ್ನಾನ, ಮಲಗಿಸುವುದು, ಬಿದ್ದಾಗ ಎತ್ತುವುದು, ಇವನ್ನು ಮುಖ್ಯ ಪಾಲಕರು ಒಬ್ಬಿಬ್ಬರೇ ಮಾಡಲಿ. ಕಂಡವರ ತೊಡೆಯೇರಿ ಕೂರುವ, ಅಪರಿಚಿತರ ಕೈಹಿಡಿದು ಹೊರಟುಬಿಡುವ ಮಗುವಿಗಂತೂ ಇದು ತೀರಾ ಅಗತ್ಯ. "ಎಷ್ಟು ಬೇಗ ಹೊಂದಿಕೊಂಡಿತು" ಎಂದು ಜನ ಮೆಚ್ಚುವ ಆ ನಡವಳಿಕೆ ಯಾರೂ ತನ್ನವರಲ್ಲ ಎಂಬುದರ ಗುರುತಾಗಿರಬಹುದು. ಯಾರ ಬಳಿಯೂ ಸಮಾಧಾನ ಬಯಸದೆ ಮುದುಡಿಕೊಳ್ಳುವುದನ್ನೂ, ಹೀಗೆ ಎಲ್ಲರನ್ನೂ ಅಂಟಿಕೊಳ್ಳುವುದನ್ನೂ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5 ಎರಡು ಬೇರೆ ತೊಂದರೆಗಳೆಂದೇ ವಿಂಗಡಿಸಿದೆ.

ಹಳೆಯ ಮನೆಯಿಂದ ತಂದ ಹೊದಿಕೆ, ಗೊಂಬೆ, ಅಂಗಿಯನ್ನು ಕೂಡಲೇ ಒಗೆಯಬೇಡಿ. ಅದರ ವಾಸನೆಯೊಂದೇ ಮಗುವಿಗೆ ಪರಿಚಿತ. ಹೆಸರು ಬದಲಿಸಬೇಡಿ, ಅದು ಅದರ ಜೊತೆ ಬಂದ ಏಕೈಕ ಆಸ್ತಿಯಾಗಿರಬಹುದು. ದಿನದ ಕ್ರಮವನ್ನು ಚಿತ್ರಗಳಲ್ಲಿ ಬರೆದು ಮಗುವಿನ ಕಣ್ಣಳತೆಯ ಎತ್ತರಕ್ಕೆ ಅಂಟಿಸಿ, ಬದಲಾವಣೆಯಿದ್ದರೆ ಮುಂಚೆಯೇ ಹೇಳಿ.

ಊಟದ ವಿಷಯದಲ್ಲಿ ಎಡವುವವರು ಬಹಳ. ಹಸಿದು ಬೆಳೆದ ಮಗು ದಿಂಬಿನಡಿ ತಿಂಡಿ ಬಚ್ಚಿಡುತ್ತದೆ, ವಾಂತಿಯಾಗುವಷ್ಟು ತಿನ್ನುತ್ತದೆ. ಕಪಾಟಿಗೆ ಬೀಗ ಹಾಕಿದರೆ "ಇಲ್ಲೂ ಊಟಕ್ಕೆ ಖಾತರಿಯಿಲ್ಲ" ಎಂಬ ಅದರ ಅನುಮಾನ ಗಟ್ಟಿಯಾಗುತ್ತದೆ. ಪ್ರತಿ ಎರಡು ಮೂರು ಗಂಟೆಗೊಮ್ಮೆ ಏನಾದರೂ ಕೊಡಿ. ಮಗುವಿನದೇ ಒಂದು ಡಬ್ಬಿ ಇರಲಿ, ಕೆಡದಂಥ ತಿಂಡಿ ಅದರಲ್ಲಿ ಯಾವಾಗಲೂ ತುಂಬಿರಲಿ, ಖಾಲಿಯಾದರೆ ಪ್ರಶ್ನಿಸದೆ ತುಂಬಿ. ಊಟವನ್ನು ಎಂದೂ ಬಹುಮಾನವಾಗಿಯೂ ಶಿಕ್ಷೆಯಾಗಿಯೂ ಬಳಸಬೇಡಿ. ಬಚ್ಚಿಡುವುದು ವಾರಗಳಲ್ಲಿ ನಿಲ್ಲುವುದಿಲ್ಲ, ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ.

ರಾತ್ರಿ ಮಂದ ದೀಪ ಇರಲಿ. ಬಾಗಿಲು ತೆರೆದಿರಬೇಕೋ ಮುಚ್ಚಿರಬೇಕೋ ಮಗುವೇ ಹೇಳಲಿ. ಲೈಂಗಿಕ ದೌರ್ಜನ್ಯದ ಅನುಭವವಿರಬಹುದಾದ ಮಗುವಿನ ಕೋಣೆಗೆ ತಟ್ಟಿ, ಹೆಸರು ಹೇಳಿ, ಒಳಗೆ ಹೋಗಿ. ಮುಟ್ಟುವ ಮುನ್ನ ಕೇಳಿ.

ಮೂರನೆಯ ಹೆಜ್ಜೆ: ದಿನಕ್ಕೆ ಹದಿನೈದು ನಿಮಿಷ

ದಿನವೂ ಒಂದೇ ಹೊತ್ತಿಗೆ 10ರಿಂದ 15 ನಿಮಿಷ, ಫೋನ್ ದೂರವಿಟ್ಟು, ಮಗುವಿನೊಂದಿಗೆ ಆಡಿ. ಪಾಠ, ಬುದ್ಧಿಮಾತು, ಗೆಲ್ಲುವ ಸೋಲುವ ಲೆಕ್ಕ ಯಾವುದೂ ಬೇಡ. ಕೈಗೆ ಎಣ್ಣೆ ಅಥವಾ ಲೋಷನ್ ಸವರುವುದು, ಕನ್ನಡಿಯಂತೆ ಒಬ್ಬರನ್ನೊಬ್ಬರು ಅನುಕರಿಸುವುದು, ಬಲೂನು ನೆಲಕ್ಕೆ ಬೀಳದಂತೆ ತಟ್ಟುವುದು, ಹೊದಿಕೆಯಲ್ಲಿ ಸುತ್ತಿ ತೂಗುವುದು ಇಂಥವು ಸಾಕು. 1960ರ ದಶಕದ ಕೊನೆಗೆ ಶಿಕಾಗೋದಲ್ಲಿ ಆ್ಯನ್ ಜರ್ನ್‌ಬರ್ಗ್ ಬೆಳೆಸಿದ ಥೆರಾಪ್ಲೇ ವಿಧಾನ ನಿಂತಿರುವುದು ಇಂಥ ಆಟಗಳ ಮೇಲೆಯೇ. ಹತ್ತು ವರ್ಷದ ಮಗು ಮೂರು ವರ್ಷದ ಮಗುವಿನ ಆಟ ಬಯಸಿದರೆ ನಾಚಿಸಬೇಡಿ, ತಪ್ಪಿಹೋದದ್ದನ್ನು ಅದು ಈಗ ಪಡೆದುಕೊಳ್ಳುತ್ತಿದೆ.

ಹದಿಹರೆಯದವರಿಗೆ ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು ವಿಚಾರಣೆಯಂತೆ ಅನ್ನಿಸುತ್ತದೆ. ಪಕ್ಕದಲ್ಲಿ ನಡೆಯುತ್ತಾ, ವಾಹನದಲ್ಲಿ ಹೋಗುತ್ತಾ, ಅಡುಗೆ ಮಾಡುತ್ತಾ ಆಡುವ ಮಾತು ಹೆಚ್ಚು ದೂರ ಸಾಗುತ್ತದೆ.

ದೇಹಕ್ಕೂ ದಿನವಿಡೀ ಲಯಬದ್ಧ ಚಟುವಟಿಕೆ ಬೇಕು. ಜೋಕಾಲಿ, ಹಗ್ಗದಾಟ, ಡ್ರಮ್, ಈಜು, ಭಾರ ಎತ್ತಿ ತರುವ ಕೆಲಸ, ಗಟ್ಟಿ ತಿಂಡಿ ಕಡಿಯುವುದು, ಸ್ಟ್ರಾನಲ್ಲಿ ಹೀರಿ ಕುಡಿಯುವುದು. ಎರಡು ಗಂಟೆಗೊಮ್ಮೆ ಐದು ನಿಮಿಷ ಕೊಟ್ಟರೂ ಸಂಜೆಯ ಸ್ಫೋಟ ಕಡಿಮೆಯಾಗುತ್ತದೆ.

ಸ್ಫೋಟ ಬಂದಾಗ

ಮನೋವೈದ್ಯ ಬ್ರೂಸ್ ಪೆರಿ ಹೇಳುವ ಕ್ರಮ ನೆನಪಿಟ್ಟುಕೊಳ್ಳಿ: ಮೊದಲು ದೇಹ ಶಾಂತವಾಗಲಿ, ಆಮೇಲೆ ಬೆಸುಗೆ, ಆಮೇಲೆ ಬುದ್ಧಿಮಾತು. ಭಯದಲ್ಲಿರುವ ಮಿದುಳಿಗೆ ತರ್ಕ ಹತ್ತುವುದಿಲ್ಲ.

1. ನಿಮ್ಮ ಉಸಿರು ಮೊದಲು. ದೀರ್ಘವಾಗಿ ಮೂರು ಸಲ ಉಸಿರು ಬಿಡಿ, ಭುಜ ಇಳಿಸಿ. ನಿಮ್ಮ ದನಿ ಏರಿದರೆ ಮಗುವಿನದೂ ಏರುತ್ತದೆ.
2. ಒಡೆಯುವ, ಚುಚ್ಚುವ ವಸ್ತುಗಳನ್ನು ಸರಿಸಿ, ಉಳಿದ ಮಕ್ಕಳನ್ನು ಬೇರೆ ಕೋಣೆಗೆ ಕಳಿಸಿ.
3. ಮಗುವಿಗಿಂತ ತಗ್ಗಿನಲ್ಲಿ, ಒಂದೆರಡು ಮೀಟರ್ ದೂರದಲ್ಲಿ, ಓರೆಯಾಗಿ ಕೂರಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ.
4. ಮಾತು ಕಡಿಮೆ: "ನಾನಿಲ್ಲೇ ಇದ್ದೀನಿ. ನಿನಗೇನೂ ಆಗಲ್ಲ." ಅಷ್ಟೇ. ಪ್ರಶ್ನೆ ಬೇಡ.
5. ಇಳಿಯತೊಡಗಿದಾಗ ನೀರು, ಹೊದಿಕೆ ಕೊಡಿ.
6. ಪೂರ್ತಿ ತಣ್ಣಗಾದ ಮೇಲೆ, ಬಹುಶಃ ಗಂಟೆ ಕಳೆದು, ಐದು ನಿಮಿಷದ ಮಾತು. ಆಮೇಲೆ ಸರಿಪಡಿಸುವ ಒಂದು ಚಿಕ್ಕ ಕೆಲಸ: ಚೆಲ್ಲಿದ್ದನ್ನು ಇಬ್ಬರೂ ಸೇರಿ ಬಳಿಯುವುದು, ಹರಿದ ಪುಸ್ತಕಕ್ಕೆ ಟೇಪು ಹಚ್ಚುವುದು. ಅದೇ ದಿನ ಮುಗಿಯಲಿ, ನಾಳೆಗೆ ಉಳಿಸಬೇಡಿ.

"ಹೋಗು, ನಿನ್ನ ಕೋಣೇಲಿ ಕೂತ್ಕೊ" ಎಂಬ ಶಿಕ್ಷೆ ಯಾಕೆ ಕೆಲಸ ಮಾಡುವುದಿಲ್ಲ? ಬಿಟ್ಟುಹೋಗುವುದೇ ಆ ಮಗುವಿನ ಅತಿ ದೊಡ್ಡ ಭಯ. ದೂರ ಕಳಿಸಿದಾಗ ಅದು "ತಪ್ಪು ಮಾಡಿದೆ" ಎಂದುಕೊಳ್ಳುವುದಿಲ್ಲ, "ನಾನೇ ಕೆಟ್ಟವನು, ಇನ್ನು ಕಳಿಸಿಬಿಡುತ್ತಾರೆ" ಎಂದುಕೊಳ್ಳುತ್ತದೆ. ನಕ್ಷತ್ರ ಅಂಟಿಸುವ ಬಹುಮಾನದ ಪಟ್ಟಿಯೂ ಅಷ್ಟೇ, ಒಂದು ನಕ್ಷತ್ರ ತಪ್ಪಿದೊಡನೆ ಇಡೀ ಪಟ್ಟಿಯೇ ಹರಿದುಬೀಳುತ್ತದೆ. "ಮತ್ತೆ ವಾಪಸ್ ಕಳಿಸ್ತೀನಿ" ಎಂಬ ಮಾತು ಎಂಥ ಸಿಟ್ಟಿನಲ್ಲೂ ಬಾಯಿಂದ ಬರಕೂಡದು. ಒಮ್ಮೆ ಆಡಿದರೆ ವರ್ಷಗಳ ದುಡಿಮೆ ಹೋಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಡ್ಯಾನಿಯಲ್ ಹ್ಯೂಸ್ ನಾಲ್ಕು ಗುಣಗಳನ್ನು ಮುಂದಿಟ್ಟರು: ತಮಾಷೆಯ ಹಗುರ, ಒಪ್ಪಿಕೊಳ್ಳುವಿಕೆ, ಕುತೂಹಲ, ಅನುಕಂಪ. ಒಪ್ಪುವುದು ಭಾವನೆಯನ್ನು, ಎಲ್ಲ ನಡವಳಿಕೆಯನ್ನೂ ಅಲ್ಲ. ಮಗು "ನೀನು ನನ್ನ ಅಮ್ಮ ಅಲ್ಲ, ಐ ಹೇಟ್ ಯು" ಎಂದಿತು ಅನ್ನಿ. "ಇಷ್ಟೆಲ್ಲ ಮಾಡಿದ್ದಕ್ಕೆ ಇದೇನಾ?" ಎಂದರೆ ಬಾಗಿಲು ಮುಚ್ಚಿತು. ಬದಲಿಗೆ ಹೀಗೆನ್ನಿ: "ಅಷ್ಟು ಸಿಟ್ಟು ಬಂದಿದೆಯಾ ಪುಟ್ಟಾ? ಇವತ್ತು ಕರ್ಕೊಂಡು ಬರೋಕೆ ತಡ ಮಾಡಿದೆನಲ್ಲ, ನಾನು ಬರೋದೇ ಇಲ್ಲ ಅನ್ನಿಸಿಬಿಡ್ತೇನೋ. ಹಾಗನ್ನಿಸಿದ್ರೆ ಭಯ ಆಗೇ ಆಗುತ್ತೆ." ಊಹೆ ತಪ್ಪಾದರೆ ಮಗು ಅಲ್ಲ ಎನ್ನುತ್ತದೆ, ಅದರಲ್ಲಿ ನಷ್ಟವಿಲ್ಲ. ಸುಳ್ಳು ಮತ್ತು ಕಳ್ಳತನದಲ್ಲಿ "ತೆಗೆದಿದ್ದು ಯಾರು?" ಎಂದು ಬಲೆ ಬೀಸಬೇಡಿ. ಗೊತ್ತಿದ್ದರೆ ಗೊತ್ತಿದೆ ಎಂದೇ ಹೇಳಿ, ವಾಪಸ್ ಕೊಡುವುದಕ್ಕೆ ಜೊತೆಯಲ್ಲಿ ಹೋಗಿ.

ನಾಲ್ಕನೆಯ ಹೆಜ್ಜೆ: ಮಗುವಿನ ಕತೆ ಮಗುವಿಗೆ

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ 7 ಮತ್ತು 8ನೇ ವಿಧಿಗಳಲ್ಲಿ ಗುರುತಿನ ಹಕ್ಕನ್ನು, 39ನೇ ವಿಧಿಯಲ್ಲಿ ನೊಂದ ಮಗುವಿನ ಚೇತರಿಕೆಯ ಹಕ್ಕನ್ನು ಹೇಳುತ್ತದೆ. ಮನೆಯ ಮಟ್ಟದಲ್ಲಿ ಇದರ ಅರ್ಥ ಸರಳ: ದತ್ತು ಎಂಬುದು ಮಗುವಿಗೆ ಯಾವತ್ತೋ ಒಂದು ದಿನ ಸಿಡಿಯುವ ಸುದ್ದಿಯಾಗಬಾರದು. ಮಾತು ಬರುವ ಮೊದಲೇ ಆ ಪದ ಮನೆಯಲ್ಲಿ ಸಹಜವಾಗಿ ಓಡಾಡಲಿ. ಮೂರು ನಾಲ್ಕು ವರ್ಷಕ್ಕೆ "ನೀನು ಇನ್ನೊಬ್ಬ ಅಮ್ಮನ ಹೊಟ್ಟೇಲಿ ಬೆಳೆದೆ, ಆಮೇಲೆ ನಮ್ಮ ಮನೆಗೆ ಬಂದೆ" ಎಂಬಷ್ಟು ಸಾಕು. ಏಳೆಂಟಕ್ಕೆ ಮಗುವಿಗೆ ಸಿಕ್ಕದ್ದರ ಜೊತೆ ಕಳೆದದ್ದೂ ಅರ್ಥವಾಗುತ್ತದೆ, ದುಃಖ ಆಗ ಬರುತ್ತದೆ. ಸೆರೆವಾಸ, ವ್ಯಸನ, ಹಿಂಸೆಯಂಥ ಕಠಿಣ ಸಂಗತಿಗಳೂ ಹದಿಹರೆಯದ ಬಿರುಗಾಳಿಗೆ ಮುನ್ನ, ಸುಮಾರು 12ರೊಳಗೆ, ವಯಸ್ಸಿಗೆ ತಕ್ಕ ಮಾತಿನಲ್ಲಿ ತಲುಪಿರಲಿ.

ಪದಗಳ ವಿಷಯದಲ್ಲಿ ಎಚ್ಚರ. "ಅವರಿಗೆ ನೀನು ಬೇಡವಾಗಿದ್ದೆ" ಗಾಯ ಮಾಡುತ್ತದೆ. "ಪ್ರೀತಿ ಇದ್ದದ್ದಕ್ಕೇ ಕೊಟ್ಟರು" ಎಂಬುದೂ ಅಪಾಯವೇ, ಹಾಗಾದರೆ ಪ್ರೀತಿಸುವ ನೀವೂ ಕೊಟ್ಟುಬಿಡಬಹುದಲ್ಲ? "ನಿನ್ನನ್ನು ನಾವೇ ಆರಿಸಿಕೊಂಡೆವು" ಎಂದರೆ ಆರಿಸಿದವರು ತಿರಸ್ಕರಿಸಲೂಬಹುದು. "ಆಗ ಅವರಿಗೆ ಯಾವ ಮಗುವನ್ನೂ ಸುರಕ್ಷಿತವಾಗಿ ನೋಡಿಕೊಳ್ಳುವ ಸ್ಥಿತಿ ಇರಲಿಲ್ಲ. ಅದು ನಿನ್ನಿಂದ ಆದದ್ದಲ್ಲ" ಎನ್ನುವುದು ವಾಸಿ, ಅದು ನಿಜವಾಗಿದ್ದರೆ ಮಾತ್ರ. ಹೆತ್ತವರನ್ನು ಹಳಿಯಬೇಡಿ, ಮಗು ತನ್ನ ಅರ್ಧವನ್ನೇ ಹಳಿದಂತೆ ಕೇಳಿಸಿಕೊಳ್ಳುತ್ತದೆ.

ಜೀವನ ಕಥೆಯ ಪುಸ್ತಕ ಮಾಡುವುದಾದರೆ ಇವತ್ತಿನ ಮನೆಯಿಂದ ಶುರುಮಾಡಿ, ಹಿಂದಕ್ಕೆ ಹೋಗಿ, ಮತ್ತೆ ಇವತ್ತಿಗೆ ಬಂದು ನಾಳೆಯಲ್ಲಿ ನಿಲ್ಲಿಸಿ. ಹುಟ್ಟಿನಿಂದಲೇ ಆರಂಭಿಸಿದರೆ ಮಗು ಮೊದಲ ಪುಟದ ನೋವಿನಲ್ಲೇ ಸಿಕ್ಕಿಬೀಳುತ್ತದೆ. ಹುಟ್ಟಿದ ತೂಕ, ಸಮಯ, ಆಸ್ಪತ್ರೆಯ ಕಟ್ಟಡದ ಫೋಟೊ, ಸಾಕಿದವರ ಕೈಬರಹದ ನಾಲ್ಕು ಸಾಲು ಎಲ್ಲ ಬೇಕು. ಮೂಲ ಫೋಟೊಗಳನ್ನು ಬೇರೆ ಕಡೆ ಜೋಪಾನವಾಗಿಟ್ಟು ಪ್ರತಿಗಳನ್ನೇ ಅಂಟಿಸಿ, ಸಿಟ್ಟಿನಲ್ಲಿ ಪುಸ್ತಕ ಹರಿಯುವ ದಿನ ಬರಬಹುದು.

ಐದನೆಯ ಹೆಜ್ಜೆ: ಥೆರಪಿ ಆರಿಸುವುದು

ಆರು ವರ್ಷದೊಳಗಿನ ಮಗುವಿಗೆ ಪಾಲಕರೂ ಮಗುವೂ ಒಟ್ಟಿಗೆ ಕೂರುವ ಥೆರಪಿಯೇ ಸರಿ. ಹ್ಯೂಸ್ ರೂಪಿಸಿದ, ಪಾಲಕರು ಮತ್ತು ಮಗುವಿನ ಬೆಸುಗೆಯನ್ನು ಕಟ್ಟುವ ಡಿಡಿಪಿ ಥೆರಪಿಯಲ್ಲೂ ಪಾಲಕರು ಕೊಠಡಿಯೊಳಗೇ ಇರುತ್ತಾರೆ, ಆದರೆ ಮೊದಲ ಕೆಲವು ಭೇಟಿಗಳು ಪಾಲಕರೊಂದಿಗೆ ಮಾತ್ರ. ನಿರ್ದಿಷ್ಟ ಘಟನೆಯ ದುಃಸ್ವಪ್ನ, ಬೆಚ್ಚಿಬೀಳುವುದು ಇದ್ದರೆ ಟ್ರಾಮಾ ಕೇಂದ್ರಿತ ಸಿಬಿಟಿಗೆ (ಆಘಾತದ ಸುತ್ತಲಿನ ಯೋಚನೆ, ನಡವಳಿಕೆಯನ್ನು ಹಂತಹಂತವಾಗಿ ಬದಲಿಸುವ ಮಾತಿನ ಚಿಕಿತ್ಸೆಗೆ) ಗಟ್ಟಿ ಆಧಾರವಿದೆ. 3ರಿಂದ 18 ವರ್ಷದವರಿಗೆ, ಸಾಮಾನ್ಯವಾಗಿ 8ರಿಂದ 25 ಭೇಟಿ. 1987ರಲ್ಲಿ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪೀರೊ ಆರಂಭಿಸಿದ, ಕಣ್ಣಾಡಿಸುತ್ತಾ ನೋವಿನ ನೆನಪನ್ನು ಹದಗೊಳಿಸುವ ಇಎಂಡಿಆರ್ ಇನ್ನೊಂದು ದಾರಿ. ಅಟ್ಯಾಚ್‌ಮೆಂಟ್ ತೊಂದರೆಗೇ ಎಂದು ಮಾತ್ರೆ ಇಲ್ಲ. ಖಿನ್ನತೆ, ಎಡಿಎಚ್‌ಡಿ ಜೊತೆಗಿದ್ದರೆ ಮನೋವೈದ್ಯರು ಅದಕ್ಕೆ ಔಷಧಿ ಕೊಡಬಹುದು.

ಚಿಕಿತ್ಸಕರನ್ನು ಮುಖಾಮುಖಿ ಕೇಳಿ: ದತ್ತು ಮಕ್ಕಳೊಂದಿಗೆ ಎಷ್ಟು ಕಾಲ ಕೆಲಸ ಮಾಡಿದ್ದೀರಿ? ನಮ್ಮನ್ನು ಹೇಗೆ ಸೇರಿಸಿಕೊಳ್ಳುತ್ತೀರಿ? ಯಾವುದನ್ನು ಗುಟ್ಟಾಗಿಡುತ್ತೀರಿ, ಯಾವುದನ್ನು ಹೇಳಲೇಬೇಕಾಗುತ್ತದೆ? ನಿಮಗೆ ಮೇಲ್ವಿಚಾರಕರು ಇದ್ದಾರೆಯೇ? ನಾಲ್ಕನೆಯದಕ್ಕೆ ಇಲ್ಲ ಎಂದರೆ ಬೇರೆಯವರನ್ನು ಹುಡುಕಿ.

ಮಗುವನ್ನು ಬಲವಂತವಾಗಿ ಹಿಡಿದಿಡುವ "ಹೋಲ್ಡಿಂಗ್" ಮತ್ತು ಮತ್ತೆ ಹುಟ್ಟಿದಂತೆ ಮಾಡಿಸುವ "ರೀಬರ್ತಿಂಗ್" ಚಿಕಿತ್ಸೆಗಳಿಂದ ದೂರವಿರಿ. 2000ರಲ್ಲಿ ಅಮೆರಿಕದ ಕೊಲರಾಡೊದಲ್ಲಿ 10 ವರ್ಷದ ದತ್ತು ಬಾಲಕಿಯೊಬ್ಬಳು ಇಂಥದ್ದೇ ಚಿಕಿತ್ಸೆಯ ನಡುವೆ ಉಸಿರುಗಟ್ಟಿ ಸತ್ತಳು. ಶರಣಾಗುವವರೆಗೆ ಮಗುವನ್ನು ಒತ್ತಿಹಿಡಿಯುವುದರಲ್ಲಿ ಚಿಕಿತ್ಸೆ ಇಲ್ಲ, ಹಿಂಸೆ ಇದೆ.

ಥೆರಪಿ ಶುರುವಾದ ಮೊದಲ ವಾರಗಳಲ್ಲಿ ನಡವಳಿಕೆ ಸ್ವಲ್ಪ ಹದಗೆಡಬಹುದು. ಭೇಟಿಯ ದಿನ ಸಂಜೆ ಬೇರೇನೂ ಇಟ್ಟುಕೊಳ್ಳಬೇಡಿ. ಆದರೆ ಮೈಗೆ ಗಾಯ ಮಾಡಿಕೊಳ್ಳುವುದು, ಸಾಯುವ ಮಾತು, ಮನೆ ಬಿಟ್ಟು ಹೋಗುವುದು ಕಂಡರೆ ಮುಂದಿನ ಭೇಟಿಗೆ ಕಾಯದೆ ಅವತ್ತೇ ತುರ್ತು ಸಹಾಯ ಪಡೆಯಿರಿ, ಔಷಧಿ ಮತ್ತು ಹರಿತವಾದ ವಸ್ತುಗಳನ್ನು ಬೀಗ ಹಾಕಿಡಿ, ಒಂಟಿಯಾಗಿ ಬಿಡಬೇಡಿ.

ಪಾಲನಾ ಕೇಂದ್ರದ ಹದಿಹರೆಯದವರು

ಐದಾರು ಜಾಗ ಬದಲಿಸಿದ ಹದಿನೈದರ ಹುಡುಗ "ಕೌನ್ಸೆಲಿಂಗ್‌ಗೆ ಬರಲ್ಲ" ಎಂದರೆ ಅದರಲ್ಲಿ ನ್ಯಾಯವಿದೆ. ಅವನು ಎಷ್ಟೋ ಅಪರಿಚಿತರ ಮುಂದೆ ಅದೇ ಕತೆ ಹೇಳಿದ್ದಾನೆ, ಎಲ್ಲರೂ ಬರೆದುಕೊಂಡು ಹೋಗಿದ್ದಾರೆ. ನಿದ್ದೆ, ಪರೀಕ್ಷೆ, ತಮ್ಮನನ್ನು ನೋಡುವುದು, ಹೀಗೆ ಅವನಿಗೆ ಬೇಕಾದದ್ದರಿಂದಲೇ ಶುರುಮಾಡಿ. ಯಾವ ದಿನ, ಯಾರ ಬಳಿ, ಎಷ್ಟು ಹೊತ್ತು ಎಂಬ ಆಯ್ಕೆ ಅವನದಾಗಿರಲಿ. ಪಾಳಿ ಬದಲಾಗುವ ಕೇಂದ್ರಗಳಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಮುಖ್ಯ ಕಾರ್ಯಕರ್ತರಿರಬೇಕು. ಅವರು ರಜೆ ಹೋಗುವ ಮುನ್ನ ಹೇಳಿ ಹೋಗಬೇಕು, ಬರುವ ದಿನ ತಿಳಿಸಬೇಕು. ಪಾಳಿ ಒಪ್ಪಿಸುವಾಗ "ಗಲಾಟೆ ಮಾಡಿದ" ಎಂದು ಬರೆಯುವುದರ ಬದಲು ಅದಕ್ಕೆ ಮುಂಚೆ ಏನಾಯಿತು, ಯಾವುದರಿಂದ ಇಳಿಯಿತು ಎಂದು ಬರೆಯಿರಿ.

ಜಾಗ ಬದಲಿಸಲೇಬೇಕಾದರೆ ಕಸದ ಚೀಲದಲ್ಲಿ ಬಟ್ಟೆ ತುಂಬಿ ಕಳಿಸಬೇಡಿ. ಅವನದೇ ಚೀಲ, ಸರಿಯಾದ ಬೀಳ್ಕೊಡುಗೆ, ಹೊಸ ಜಾಗಕ್ಕೆ ಮುಂಚಿತವಾಗಿ ಒಂದು ಭೇಟಿ, ಹೋದ ಮೇಲೆ ಹಳೆಯವರಿಂದ ಒಂದು ಫೋನು. ಸಾಮಾಜಿಕ ಜಾಲತಾಣದಲ್ಲಿ ಹೆತ್ತವರನ್ನು ಹುಡುಕುವುದನ್ನು ನಿಷೇಧಿಸಿದರೆ ಗುಟ್ಟಾಗಿ ನಡೆಯುತ್ತದೆ, ಆದ್ದರಿಂದ ಹುಡುಕುವ ಮನಸ್ಸಾದರೆ ಜೊತೆಗೂಡಿ ನೋಡೋಣ ಎಂದು ಮೊದಲೇ ಹೇಳಿಡಿ. ಕೇಂದ್ರ ಬಿಡುವ ತಯಾರಿ ಹದಿನೈದು ಹದಿನಾರಕ್ಕೇ ಶುರುವಾಗಲಿ. ಬ್ಯಾಂಕ್ ಖಾತೆ, ಅಡುಗೆ, ದಾಖಲೆಗಳ ಜೊತೆ ರಾತ್ರಿ ಎರಡಕ್ಕೂ ಫೋನ್ ಎತ್ತುವ ಒಬ್ಬ ಹಿರಿಯರ ಹೆಸರು ಆ ಪಟ್ಟಿಯಲ್ಲಿ ಇರಲೇಬೇಕು.

ಶಾಲೆ, ಮತ್ತು ಸಾಕುವವರು

ಶಾಲೆಯಲ್ಲಿ ಒಬ್ಬ ನಿರ್ದಿಷ್ಟ ಶಿಕ್ಷಕರು ಬೆಳಿಗ್ಗೆ ಎರಡು ನಿಮಿಷ ಮಾತಾಡಿಸಲಿ, ಕಾರಣ ಕೇಳದೆ ಹೊರಹೋಗಲು ಒಂದು ಕಾರ್ಡ್ ಇರಲಿ. ವಂಶವೃಕ್ಷ, ಎಳೆಗೂಸಿನ ಫೋಟೊ ತರುವಂಥ ಪಾಠಗಳನ್ನು ಶಿಕ್ಷಕರು ಮುಂಚಿತವಾಗಿ ತಿಳಿಸಲಿ. ಇಡೀ ಚರಿತ್ರೆಯನ್ನು ಶಾಲೆಗೆ ಒಪ್ಪಿಸಬೇಕಾಗಿಲ್ಲ, ಯಾವುದರಿಂದ ಭಯ, ಯಾವುದರಿಂದ ಸಮಾಧಾನ ಎಂಬುದಷ್ಟೇ ಸಾಕು.

ತಿಂಗಳುಗಟ್ಟಲೆ ತಿರಸ್ಕಾರವನ್ನೇ ಪಡೆದ ಪಾಲಕರಲ್ಲಿ ಪ್ರೀತಿ ಬತ್ತಿದಂತಾಗುತ್ತದೆ. ಕೆಲಸಗಳೆಲ್ಲ ನಡೆಯುತ್ತವೆ, ಮಗು ಹತ್ತಿರ ಬಂದರೆ ಮಾತ್ರ ಮೈ ಬಿಗಿಯುತ್ತದೆ. ಇದು ಕೆಟ್ಟತನವಲ್ಲ, ದಣಿದ ಮಿದುಳು ತನ್ನನ್ನು ಕಾಪಾಡಿಕೊಳ್ಳುವ ರೀತಿ. ವಾರಕ್ಕೆ ಕನಿಷ್ಠ ಒಂದರ್ಧ ದಿನ ಬಿಡುವು, ತೀರ್ಪು ಕೊಡದೆ ಕೇಳುವ ಒಬ್ಬರು, ಅಗತ್ಯವಿದ್ದರೆ ನಿಮಗೇ ಪ್ರತ್ಯೇಕ ಆಪ್ತಸಮಾಲೋಚನೆ ಬೇಕು. ಮನೆಯಲ್ಲಿರುವ ಇತರ ಮಕ್ಕಳಿಗೂ ದಿನದಲ್ಲಿ ಅವರದೇ ಹತ್ತು ನಿಮಿಷ ಮೀಸಲಿಡಿ.

ಫಲ ಅಳೆಯುವುದು

ಸ್ಫೋಟ ಪೂರ್ತಿ ನಿಂತಿತೇ ಎಂದು ನೋಡಬೇಡಿ. ಮೂರು ತಿಂಗಳಿಗೊಮ್ಮೆ ಎರಡು ವಾರದ ಟಿಪ್ಪಣಿಯನ್ನು ಮತ್ತೆ ಬರೆದು ಹಳೆಯದರ ಪಕ್ಕ ಇಡಿ. 50 ನಿಮಿಷದ ಕೂಗಾಟ 20ಕ್ಕೆ ಇಳಿದಿದ್ದರೆ, ಬಿದ್ದ ಮಗು ಎದ್ದು ನಿಮ್ಮ ಕಡೆಗೇ ಬಂದರೆ, ನೀವು ಹೊರಟಾಗ ಅತ್ತು ಬಂದಾಗ ಹಗುರಾದರೆ ಕೆಲಸ ಆಗುತ್ತಿದೆ. ಹೊರಡುವಾಗಿನ ಅಳುವನ್ನು ಹಿನ್ನಡೆ ಎಂದುಕೊಂಡು ಗಾಬರಿಯಾಗುವವರಿದ್ದಾರೆ, ಹಿಂದೆ ಯಾರು ಹೋದರೂ ಅಳದಿದ್ದ ಮಗುವಿನಲ್ಲಿ ಅದು ಮುನ್ನಡೆ. ಹುಟ್ಟುಹಬ್ಬ, ಮನೆ ಬದಲಾದ ತಿಂಗಳು, ಶಾಲೆಯ ಮೊದಲ ವಾರ ಬಂದಾಗ ಹಳೆಯದೆಲ್ಲ ಮರಳಬಹುದು, ಕ್ಯಾಲೆಂಡರಿನಲ್ಲಿ ಮೊದಲೇ ಗುರುತಿಟ್ಟು ಆ ವಾರ ಬೇಡಿಕೆ ತಗ್ಗಿಸಿ. ಆರು ತಿಂಗಳಾದರೂ ಯಾವ ಅಂಕಿಯೂ ಕದಲದಿದ್ದರೆ ಮಗುವನ್ನು ದೂರುವ ಮೊದಲು ಮೂರು ವಿಷಯ ಮತ್ತೆ ನೋಡಿ: ಮನೆಯಲ್ಲಿ ಅಥವಾ ಹೆತ್ತವರ ಭೇಟಿಗಳಲ್ಲಿ ಇನ್ನೂ ಯಾವುದಾದರೂ ಬೆದರಿಕೆ ಉಳಿದಿದೆಯೇ, ವೈದ್ಯಕೀಯ ಕಾರಣ ತಪ್ಪಿಹೋಗಿದೆಯೇ, ಆರಿಸಿದ ಥೆರಪಿ ಈ ಹಂತಕ್ಕೆ ಅವಸರದ್ದಾಯಿತೇ. ಮೂರನೆಯದಾಗಿದ್ದರೆ ಚಿಕಿತ್ಸಕರೊಂದಿಗೆ ಮಾತಾಡಿ, ನೆನಪಿನ ಕೆಲಸ ನಿಲ್ಲಿಸಿ, ಆಟ ಮತ್ತು ದಿನಚರಿಗೆ ಮರಳಿ.